ಪಚ್ಚ ವೈರು

ಈ ಆಟದ ಲಾರಿ ಮತ್ತೆ ಓಡುವಂತೆ ಮಾಡಲು ನನಗೆ ಸಾವಿರದ ನೂರ ಎಂಬತ್ತು ರೂಪಾಯಿ ಬಿತ್ತು, ಬಸ್ ಚಾರ್ಜು ಸೇರಿ. ನಿಮಗಾದರೆ ಎರಡು ಸಾವಿರ ಆಗುತ್ತಿತ್ತು, ಅದು ಬೇರೆ ಮಾತು. ಈ ವಯಸ್ಸಿನಲ್ಲಿ ರಿಮೋಟ್ ಲಾರಿಗೆ ಯಾಕಯ್ಯಾ ದುಡ್ಡು ಅನ್ನುತ್ತೀರಿ. ಆಡುವುದಕ್ಕಲ್ಲ. ಒಬ್ಬ ಮನುಷ್ಯ ಕಳ್ಳ ಎಂದು ರುಜುವಾತು ಮಾಡುವುದಕ್ಕೆ.

ಕೋಲಾರದ ನಮ್ಮ ಮನೆಗೆ ಸುಣ್ಣ ಹೊಡೆಸಲು ಅಟ್ಟ ಖಾಲಿ ಮಾಡುತ್ತಿದ್ದೆವು. ಹಳೇ ಸೀರೆಯ ಗಂಟೊಂದನ್ನು ಬಿಚ್ಚಿದ ಕೂಡಲೇ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಒಳಗಿದ್ದದ್ದು ಈ ಲಾರಿ. ಇಪ್ಪತ್ತು ವರ್ಷ ದಾಟಿದ್ದರೂ ವಾಸನೆ ಹೋಗಿರಲಿಲ್ಲ. “ಗುಜರಿಗೆ ಹಾಕ್ರೀ ಅದನ್ನ” ಅಂದಳು ಹೆಂಡತಿ. ನನಗೆ ಗುಜರಿ ಕಾಣಲಿಲ್ಲ, ಅದನ್ನು ರಿಪೇರಿ ಮಾಡಿದ್ದ ಚಲಪತಿಯ ಮುಖ ಕಾಣಿಸಿತು.

ಮೊದಲೇ ಹೇಳಿಬಿಡುತ್ತೇನೆ, ನಾನು ಸುಮ್ಮನೆ ನಂಬುವವನಲ್ಲ. ಎಳನೀರು ಕೊಂಡರೆ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತೇನೆ. ಹಳೇ ಟೊಮೇಟೊ ಕ್ರೇಟು ಕೊಂಡರೆ ಮೇಲಿನ ಹತ್ತನ್ನು ಬಿಟ್ಟು ಅಡಿಯಲ್ಲಿರುವುದನ್ನು ಎಳೆಯುತ್ತೇನೆ. ಆ ಕ್ರೇಟುಗಳೇ ನನಗೆ ಅನ್ನ ಕೊಟ್ಟದ್ದು. ಮಾಲೂರಿನಿಂದ ಬರಿಗೈಲಿ ಬಂದು ಮುಳಬಾಗಿಲಿನಲ್ಲಿ ಆ ವ್ಯಾಪಾರ ಹಿಡಿದೆ. ಪಕ್ಕದಲ್ಲೇ ಚಲಪತಿಯ ರೇಡಿಯೋ ರಿಪೇರಿ ಅಂಗಡಿ. ನನಗಿಂತ ಹತ್ತು ವರ್ಷ ದೊಡ್ಡವನು, ರಾಯಲ್ಪಾಡಿನ ಕಡೆಯವನು, ಮನೆಮಾತು ತೆಲುಗು. ನನ್ನನ್ನು ಹೆಸರು ಹಿಡಿದು ಕರೆದವನೇ ಅಲ್ಲ, “ಏನಪ್ಪಾ ಮಾಲೂರು” ಅನ್ನುತ್ತಿದ್ದ. ಅವನ ಅಂಗಡಿಯಲ್ಲಿ ಒಂದು ಟೇಪ್ ರೆಕಾರ್ಡರ್ ಬೆಳಗ್ಗೆ ಬಾಗಿಲು ತೆಗೆದಾಗಿಂದ ಹಾಡುತ್ತಿತ್ತು. ಅದರ ಹಾಡು ಕೇಳಿಕೊಂಡೇ ನಾನು ಕ್ರೇಟು ಎಣಿಸುತ್ತಿದ್ದೆ, ಪುಕ್ಕಟೆಯಾಗಿ.

ನನ್ನ ತೆಲುಗಿನ ವಿಷಯವನ್ನೂ ಹೇಳಬೇಕು. ಮಾಲೂರಿನ ಕಡೆ ನಮಗೆ ಕಿವಿಗೆ ಬೀಳುವುದು ತಮಿಳು. ತೆಲುಗನ್ನು ನಾನು ಟೊಮೇಟೊ ಮಂಡಿಯಲ್ಲಿ, ವ್ಯಾಪಾರದ ನಡುವೆ ಕಲಿತೆ. ಎಣಿಕೆ ಬರುತ್ತದೆ, ಬೈಗುಳ ಬರುತ್ತದೆ. ಇವೆರಡು ಬಂದರೆ ಭಾಷೆ ಬಂದ ಹಾಗೇ ಎಂದು ತಿಳಿದಿದ್ದೆ.

ಆ ಲಾರಿ ಜಪಾನಿನದು. ದುಬೈನಿಂದ ಬಂದ ಒಬ್ಬನ ಹತ್ತಿರ ಚೌಕಾಸಿ ಮಾಡಿ ಮಗಳು ಶೋಭಾಗೆ ಕೊಂಡಿದ್ದೆ. ಆರು ತಿಂಗಳು ಓಡಿ ನಿಂತಿತು. ಚಲಪತಿಗೆ ಕೊಟ್ಟೆ. ಶಾಲೆ ಬಿಟ್ಟ ಮೇಲೆ ದಿನಾ ಹೋಗಿ “ಆಯ್ತಾ ಮಾಮ?” ಎಂದು ಕೇಳುವುದು ಮಗಳ ಕೆಲಸವಾಯಿತು. ಮೂರು ವಾರ ಬಿಟ್ಟು ವಾಪಸ್ ಕೊಟ್ಟ. ಹಳೇ ಬ್ಯಾಟರಿ ಹೋಗಿತ್ತು, ಹೊಸದನ್ನು ಬೆಂಗಳೂರಿನಿಂದ ತರಿಸಿ ನಾನೇ ಜೋಡಿಸಬೇಕಿತ್ತು. ಅದಕ್ಕೆಂದು ಎರಡು ಹೊಸ ವೈರು ಹೊರಗೆ ಬಿಟ್ಟಿದ್ದ, ಒಂದು ಹಸಿರು, ಒಂದು ಹಳದಿ. “ಪಚ್ಚ ವೈರು ಪ್ಲಸ್‌ಗಪ್ಪಾ ಮಾಲೂರು, ಮರೀಬೇಡ” ಅಂದ.

ಮರೆಯಲಿಲ್ಲ. ಪಚ್ಚೆ ಎಂದರೆ ಹಸಿರು, ಯಾರಿಗೆ ಗೊತ್ತಿಲ್ಲ? ಹಸಿರನ್ನು ಪ್ಲಸ್‌ಗೆ ಕೊಟ್ಟು ಶೋಭಾ ಕೈಗೆ ರಿಮೋಟ್ ಇಟ್ಟೆ. ಲಾರಿ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಹೊಗೆ ಮಾತ್ರ ಮೇಲಕ್ಕೆ ಹೋಯಿತು.

ಎತ್ತಿಕೊಂಡು ಅವನ ಅಂಗಡಿಗೆ ಹೋದೆ. ಗಿರಾಕಿಗಳಿದ್ದರು.

“ಪಚ್ಚದ್ದು ಹಾಕಿದ್ಯಾ ಪ್ಲಸ್‌ಗೆ?”

“ಪಚ್ಚದ್ದೇ ಹಾಕಿದ್ದು.”

“ಹಂಗಾದ್ರೆ ಹೊಗೆ ಬರಲ್ಲ.”

“ಬಂತಲ್ಲ.”

“ಬಿಟ್ಟು ಹೋಗು, ಬಿಚ್ಚಿ ನೋಡ್ತೀನಿ.”

“ಇನ್ನೊಂದು ಸಲ ಬಿಚ್ಚೋಕೆ ಒಳಗೇನು ಉಳಿಸಿದ್ದೀಯ?”

ಅವನು ಬೆಸುಗೆ ಕಡ್ಡಿಯ ತುದಿಯನ್ನು ಒರೆಸುತ್ತ ಕೂತ. ಬಾಯಿ ಸತ್ತವನು ತಪ್ಪು ಮಾಡಿರಲೇಬೇಕು ಎಂಬುದು ನನ್ನ ಮಂಡಿಯ ಲೆಕ್ಕ. ಏಳು ಅಂಗಡಿಗೆ ಹೋಗಿ ಹೇಳಿದೆ: ಜಪಾನ್ ಮೋಟರು ಇಟ್ಟುಕೊಂಡು ಡಬ್ಬ ಮೋಟರು ಹಾಕಿದ್ದಾನೆ, ನಿಮ್ಮ ರೇಡಿಯೋ ಜೋಪಾನ. ಎರಡು ವರ್ಷಕ್ಕೆ ಅವನು ಅಂಗಡಿ ಮುಚ್ಚಿ ಊರಿಗೆ ಹೋದ. ನನ್ನ ಮಾತಿನಿಂದಲೇ ಮುಚ್ಚಿತು ಅನ್ನುವಷ್ಟು ದೊಡ್ಡವನಲ್ಲ ನಾನು. ಆದರೆ ಮಾತು ಹೇಳಿದ ಮೇಲೆ ಅಲ್ಲಿ ರೇಡಿಯೋಗಳು ಕಡಿಮೆಯಾದದ್ದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ.

ಈಗ ಅಟ್ಟದಿಂದ ಇಳಿದ ಲಾರಿಯನ್ನು ನಾನೇ ಬಿಚ್ಚಿದೆ. ಸ್ವಿಚ್ಚಿಗೆ ಹಿಡಿದ ಕಿಲುಬನ್ನು ನಿಂಬೆಹಣ್ಣು ಹಾಕಿ ತಿಕ್ಕಿದೆ. ಗೇರಿನಲ್ಲಿ ಬೆಲ್ಲದಂತೆ ಗಟ್ಟಿಯಾಗಿದ್ದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದೆ. ರಿಮೋಟಿಗೆ ಹೊಸ ಏರಿಯಲ್ ಹಾಕಿಸಿದೆ. ಮೋಟರಿಗೆ ನೇರ ಬ್ಯಾಟರಿ ಮುಟ್ಟಿಸಿದರೆ ಗುಯ್ ಎಂದು ತಿರುಗಿತು. ಆದರೆ ಲಾರಿಗೆ ಆ ಮೋಟರು ಯಾಕೋ ತೆಳ್ಳಗಿದೆ ಅನಿಸಿತು. ಕೋಲಾರ ಬಸ್‌ಸ್ಟಾಂಡಿನ ಬಳಿಯ ರಿಪೇರಿಯವನಿಗೆ ತೋರಿಸಿದೆ. “ಇದು ಟೇಪ್ ರೆಕಾರ್ಡರ್ ಮೋಟರು ಸಾರ್, ಲಾರೀದಲ್ಲ” ಅಂದ.

ಸಿಕ್ಕಿಬಿದ್ದ. ನನಗಾದ ಸಂತೋಷವನ್ನು ಹೇಳಲು ನಾಚಿಕೆಯಾಗುತ್ತದೆ. ಮಾರನೇ ದಿನವೇ ಲಾರಿಯನ್ನು ಚೀಲಕ್ಕೆ ಹಾಕಿಕೊಂಡು ಶ್ರೀನಿವಾಸಪುರದ ಬಸ್ ಹತ್ತಿದೆ, ಅಲ್ಲಿಂದ ರಾಯಲ್ಪಾಡು.

ಚಲಪತಿ ಜಗಲಿಯ ಮೇಲೆ ದಪ್ಪ ಕನ್ನಡಕ ಹಾಕಿಕೊಂಡು ಕೂತಿದ್ದ. ಹೆಂಡತಿ ರತ್ನಮ್ಮ ಪಕ್ಕದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು. ನನ್ನ ದನಿ ಕೇಳಿ, “ಮಾಲೂರಾ?” ಅಂದ. ಲಾರಿಯನ್ನು ಅವನ ಮಡಿಲಲ್ಲಿಟ್ಟು, “ಚಲಪತಣ್ಣ, ಇದರೊಳಗಿರೋ ಮೋಟರು ಯಾರದು?” ಅಂದೆ.

“ನಂದು.”

ವಾದಕ್ಕೆ ತಯಾರಾಗಿ ಬಂದವನಿಗೆ ಇಷ್ಟು ಬೇಗ ಉತ್ತರ ಕೊಡಬಾರದು.

“ನಿಂದು ಸುಟ್ಟೋಗಿತ್ತು. ಆ ಸೈಜು ಎಲ್ಲಿ ಸಿಗ್ತದೆ? ಅಂಗಡಿ ಟೇಪ್ ಬಿಚ್ಚಿ ಅದರದ್ದು ಹಾಕ್ದೆ. ನಿನ್ ಮಗಳು ದಿನಾ ಬಂದು ನಿಲ್ತಿತ್ತಲ್ಲಪ್ಪಾ.”

“ನನಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ, ಹಳೇ ಮೋಟರು ಹಾಕಿದ್ದೀಯ, ರೇಟು ಇಳಿಸು ಅಂತಿದ್ದೆ.”

ನಿಜ, ಅನ್ನುತ್ತಿದ್ದೆ. ಆಗ ನೆನಪಾಯಿತು, ಆ ತಿಂಗಳಿಂದ ಅವನ ಅಂಗಡಿಯಲ್ಲಿ ಹಾಡು ನಿಂತಿತ್ತು. ಟೇಪನ್ನು ಯಾರಿಗೋ ಮಾರಿರಬೇಕು ಎಂದುಕೊಂಡಿದ್ದೆ. ಆದರೂ ನಾನು ಬಿಡಲಿಲ್ಲ. “ಸರಿ, ಹೊಗೆ ಯಾಕೆ ಬಂತು?”

“ಪಚ್ಚದ್ದು ಪ್ಲಸ್‌ಗೆ ಅಂತ ಹೇಳಿದ್ನಲ್ಲ” ಎನ್ನುತ್ತ ಅವನು ಲಾರಿಯ ಹೊಟ್ಟೆ ತಡವಿ, ವೈರನ್ನು ಕನ್ನಡಕದ ಹತ್ತಿರ ತಂದು, ಬೆರಳಿಟ್ಟ. ಬೆರಳು ಇದ್ದದ್ದು ಹಳದಿ ವೈರಿನ ಮೇಲೆ.

“ಅದು ಹಳದಿ” ಅಂದೆ.

“ಹೂಂ. ಪಚ್ಚ.”

“ಪಚ್ಚ ಅಂದ್ರೆ ಹಸಿರು.”

ರತ್ನಮ್ಮ ತಲೆ ಎತ್ತಲಿಲ್ಲ. “ಕಾಮಾಲೆಗೆ ನಾವು ಪಚ್ಚಕಾಮೆರ್ಲು ಅಂತೀವಿ. ನಿಮ್ ಮಾಲೂರಲ್ಲಿ ಕಾಮಾಲೆ ಬಂದೋರ ಕಣ್ಣು ಹಸಿರಾಗ್ತದೇನಪ್ಪಾ?”

ಅವರ ತೆಲುಗಿನಲ್ಲಿ ಹಸಿರೂ ಪಚ್ಚವೇ, ಹಳದಿಯೂ ಪಚ್ಚವೇ. ಅಂಗಡಿಯಲ್ಲಿ ನಿಂತು ನಾವಿಬ್ಬರೂ ಸುಳ್ಳು ಹೇಳಿರಲಿಲ್ಲ. ಆದರೆ ಏಳು ಅಂಗಡಿಗೆ ಹೋದವನು ನಾನೊಬ್ಬನೇ.

ಸುಟ್ಟಿದ್ದದ್ದು ಅಕ್ಕಿಕಾಳಿನಷ್ಟು ಒಂದು ಡಯೋಡು. ಅವನ ಹಳೇ ಡಬ್ಬಿಯಲ್ಲೇ ಸಿಕ್ಕಿತು. ಅಷ್ಟು ಸಣ್ಣದಕ್ಕೆ ಅವನ ಕಣ್ಣು ಸಾಲದು, ಹಾಗಾಗಿ ಅವನು ಹೇಳಿದಂತೆ ನಾನು ಬೆಸುಗೆ ಹಾಕಿದೆ. ಹಳದಿಯನ್ನು ಪ್ಲಸ್‌ಗೆ ಕೊಟ್ಟೆ. ಲಾರಿ ಜಗಲಿಯ ಮೇಲೆ ಹೊರಟಿತು, ಜಪಾನಿನ ವೇಗದಲ್ಲಲ್ಲ, ಹಾಡಿನ ವೇಗದಲ್ಲಿ.

“ಎಷ್ಟು ಕೊಡ್ಲಿ ಚಲಪತಣ್ಣ?”

“ದುಡ್ಡು ಬ್ಯಾಡ. ಅವತ್ತು ಯಾರ್ಯಾರಿಗೆ ಹೇಳಿದ್ಯೋ, ಅವ್ರಿಗೆ ಹೋಗಿ ಹೇಳು.”

ಜೀವನದಲ್ಲಿ ಮೊದಲ ಸಲ ಹೇಳಿದ ರೇಟಿಗೆ ಒಪ್ಪಿದೆ. ವಾಪಸ್ ಬರುವಾಗ ಮುಳಬಾಗಿಲಿಗೆ ಹೋದೆ. ಏಳರಲ್ಲಿ ಉಳಿದಿದ್ದದ್ದು ಎರಡು. ಒಂದರಲ್ಲಿ ಮಗ ಕೂತಿದ್ದಾನೆ, ಅವನಿಗೆ ಚಲಪತಿ ಯಾರೆಂದೇ ಗೊತ್ತಿಲ್ಲ. ಇನ್ನೊಂದರ ಮುದುಕರು ಪೂರ್ತಿ ಕೇಳಿಸಿಕೊಂಡು, “ಆ ಕಳ್ಳನ ವಿಷಯಾನಾ?” ಅಂದರು. ಇನ್ನೊಂದು ಸಲ ಮೊದಲಿಂದ ಹೇಳಿದೆ. ತಲೆಯಾಡಿಸಿದರು. ಅರ್ಥವಾಗಿ ಆಡಿಸಿದರೋ ಸುಮ್ಮನೆ ಆಡಿಸಿದರೋ, ಅನುಮಾನ ಇನ್ನೂ ಇದೆ. ಬರುವ ವಾರ ಮತ್ತೆ ಹೋಗಬೇಕು.

ಲಾರಿ ಈಗ ನನ್ನ ಮೇಜಿನ ಮೇಲಿದೆ. ನೀವೂ ಹಳೇದನ್ನು ರಿಪೇರಿ ಮಾಡಲು ಕೂತರೆ ಇಷ್ಟು ನೆನಪಿರಲಿ: ಇಟ್ಟುಬಿಡುವ ಮುಂಚೆ ಬ್ಯಾಟರಿ ತೆಗೆದಿಡಿ, ಇಲ್ಲವಾದರೆ ಕಿಲುಬು ಹಿಡಿಯುತ್ತದೆ. ಮೋಟರನ್ನು ಬೈಯುವ ಮೊದಲು ಅದಕ್ಕೆ ನೇರ ಕರೆಂಟು ಕೊಟ್ಟು ನೋಡಿ. ವೈರಿನ ಬಣ್ಣ ಯಾವುದೆಂದು ಬಾಯಲ್ಲಿ ಮಾತ್ರ ಕೇಳಬೇಡಿ. ಹೇಳುವವರ ಬೆರಳು ಹಿಡಿದು ವೈರಿನ ಮೇಲಿಡಿಸಿಕೊಳ್ಳಿ. ಅದು ಆಗುವವರೆಗೆ ಯಾವ ಅಂಗಡಿಗೂ ಹೋಗಬೇಡಿ.