ನೀಲಿ ಬ್ಯಾಡ್ಜ್ ಕೇಳಿದ ಹುಡುಗಿ

ಕೊರೋನಾ ಕಳೆದು ಶಾಲೆಗಳು ಪೂರ್ತಿಯಾಗಿ ತೆರೆದ ಮರುವರ್ಷ. ನಾನಾಗ ಮೈಸೂರಿನ ಹೂಟಗಳ್ಳಿ ಕಡೆಯ ಒಂದು ಅನುದಾನಿತ ಕನ್ನಡ ಶಾಲೆಯಲ್ಲಿ ಏಳನೇ ತರಗತಿಗೆ ಗಣಿತ, ಸಮಾಜ ಹೇಳಿಕೊಡುತ್ತಿದ್ದೆ. ಕನ್ನಡ ಮತ್ತು ವಿಜ್ಞಾನ ಗಿರಿಜಾ ಅವರದು. ಹದಿನೆಂಟು ವರ್ಷ ಸ್ಟಾಫ್ ರೂಮಿನ ಒಂದೇ ಮೇಜಿನ ಎರಡು ಬದಿಗೆ ಕೂತವರು ನಾವು. ಗಿರಿಜಾ ತೀರಿಕೊಂಡು ಎರಡು ವರ್ಷವಾಯಿತು. ಅವರ ಬದಿಯಲ್ಲಿ ಈಗ ಬೇರೊಬ್ಬರು ಕೂರುತ್ತಾರೆ. ಗಿರಿಜಾ ಮಾಡಿದ ಒಂದು ಕೆಲಸವನ್ನಾದರೂ ಬರೆದಿಡೋಣ ಎಂದು ಇದನ್ನು ಬರೆಯುತ್ತಿದ್ದೇನೆ.

ಮಕ್ಕಳು ಅಕ್ಷರ ಮರೆತು ಬಂದಿದ್ದ ಕಾಲ ಅದು. ಏಳನೇ ತರಗತಿಯಲ್ಲೂ ಒತ್ತಕ್ಷರ ಕಂಡರೆ ನಿಂತುಬಿಡುವವರಿದ್ದರು. ಆ ಬೇಸಿಗೆಯಲ್ಲಿ ನಮ್ಮಿಬ್ಬರನ್ನೂ ಒಂದು ತರಬೇತಿಗೆ ಕಳುಹಿಸಿದರು. ವಿಷಯ, ಬಹುಮುಖ ಬುದ್ಧಿಮತ್ತೆಯ ಸಿದ್ಧಾಂತ. ಬುದ್ಧಿ ಎನ್ನುವುದು ಪರೀಕ್ಷೆ ಅಳೆಯುವ ಒಂದೇ ಶಕ್ತಿಯಲ್ಲ. ಭಾಷೆ, ತರ್ಕ, ಚಿತ್ರ, ದೇಹದ ಚಲನೆ, ಸಂಗೀತ, ಜನರೊಡನೆ ಬೆರೆಯುವುದು, ತನ್ನನ್ನು ತಾನು ಅರಿಯುವುದು, ನಿಸರ್ಗವನ್ನು ಗಮನಿಸುವುದು ಇವೆಲ್ಲವೂ ಬುದ್ಧಿಯೇ. ಪ್ರತಿ ಮಗುವಿನಲ್ಲೂ ಇವು ಬೇರೆ ಬೇರೆ ಪ್ರಮಾಣದಲ್ಲಿರುತ್ತವೆ ಎಂದು ಹೇಳಿಕೊಟ್ಟರು. ಸಿಟಿ ಬಸ್ಸಿನಲ್ಲಿ ವಾಪಸ್ ಬರುವಾಗ ಗಿರಿಜಾ ಮಾತು ನಿಲ್ಲಿಸಲೇ ಇಲ್ಲ. ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಬೇಕಾಯಿತು.

ಜೂನ್ ತಿಂಗಳಿಡೀ ಇಬ್ಬರೂ ಮಕ್ಕಳನ್ನು ಗಮನಿಸಿ ಗುಂಪು ಮಾಡಿದೆವು. ಹೆಡ್ ಮಾಸ್ಟರಿಗೆ ಇದು ಬಹಳ ಹಿಡಿಸಿತು. ಪೋಷಕರ ಸಭೆಯಲ್ಲಿ ಕಾಣುವ ಹಾಗಿರಲಿ ಎಂದು ಒಂದೊಂದು ಗುಂಪಿಗೆ ಒಂದೊಂದು ಬಣ್ಣದ ಬ್ಯಾಡ್ಜ್ ಮಾಡಿಸಿದರು. ಭಾಷೆಗೆ ನೀಲಿ, ದೇಹದ ಚಲನೆಗೆ ಕೆಂಪು. ಗಿರಿಜಾ ಒಪ್ಪಲಿಲ್ಲ. "ಬ್ಯಾಡ್ಜ್ ಬೇಡ ಸರ್. ನಾಳೆ ಮಕ್ಕಳು ಅದನ್ನೇ ತಮ್ಮ ಹಣೆಬರಹ ಅಂದ್ಕೊಂಡ್ಬಿಡ್ತಾರೆ" ಎಂದರು. ಒಂದು ದಿನದ ಮಟ್ಟಿಗೆ ಎಂದು ಹೆಡ್ ಮಾಸ್ಟರು ಸಮಾಧಾನ ಹೇಳಿದರು. ಸಭೆ ಮುಗಿದರೂ ಬ್ಯಾಡ್ಜ್‌ಗಳು ಮಕ್ಕಳ ಅಂಗಿಯ ಮೇಲೇ ಉಳಿದವು.

ಕಾವ್ಯಾ ಎಂಬ ಹುಡುಗಿಗೆ ಸಿಕ್ಕಿದ್ದು ಕೆಂಪು. ಖೋ-ಖೋದಲ್ಲಿ ಅವಳನ್ನು ಮುಟ್ಟುವವರಿರಲಿಲ್ಲ. ಕನ್ನಡ ಪಾಠದಲ್ಲಿ ನೀಲಿ ಗುಂಪು ಓದುತ್ತಿತ್ತು, ಕೆಂಪು ಗುಂಪು ಅಭಿನಯಿಸುತ್ತಿತ್ತು. ಕಾವ್ಯಾ ಎಷ್ಟು ಚೆನ್ನಾಗಿ ಅಭಿನಯಿಸುತ್ತಿದ್ದಳೆಂದರೆ, ಅವಳಿಗೆ ಒಂದು ಸಾಲು ಓದಲು ಬಾರದು ಎಂಬುದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅವಳ ತಂದೆ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸಗಾರ. ನೈಟ್ ಶಿಫ್ಟ್ ಮುಗಿಸಿ ನೇರವಾಗಿ ಸಭೆಗೆ ಬಂದಿದ್ದರು. ಮನೆಯಲ್ಲೂ ಸ್ವಲ್ಪ ಓದಿಸಿ ಎಂದು ಗಿರಿಜಾ ಕೇಳಿದಾಗ ಮಗಳ ಅಂಗಿಯತ್ತ ಬೆರಳು ತೋರಿಸಿದರು.

"ಆಟದಾಗೆ ಬುದ್ಧಿ ಐತೆ ಅಂತ ನೀವೇ ಅಂಟಿಸಿದ್ದೀರಲ್ಲ ಮೇಡಂ. ಓದು ನಮ್ಮನೇಲಿ ಯಾರಿಗೂ ಹತ್ತಿಲ್ಲ, ಬುಡಿ. ಏಳು ಮುಗೀಲಿ, ಹೊಲಿಗೆ ಕಲಿಯಕ್ಕೆ ಹಾಕ್ತೀನಿ."

ನಮ್ಮಲ್ಲಿ ಏಳನೇ ತರಗತಿಯೇ ಕೊನೆ. ಎಂಟಕ್ಕೆ ಬೇರೆ ಶಾಲೆ ಸೇರಬೇಕು. ಕಾವ್ಯಾಳ ಓದು ಇಲ್ಲಿಗೆ ನಿಲ್ಲುತ್ತದೆ ಎಂಬುದು ಅಂದೇ ಗೊತ್ತಾಯಿತು. ಅದರ ಮರುವಾರ ಅವಳು ಗಿರಿಜಾ ಹತ್ತಿರ ಬಂದು, "ಮಿಸ್, ಆ ನೀಲಿ ಬ್ಯಾಡ್ಜ್ ನಂಗೂ ಒಂದಿನ ಕೊಡ್ತೀರಾ? ಓದಿ ನೋಡ್ತೀನಿ" ಎಂದಳಂತೆ.

ಆ ಮಧ್ಯಾಹ್ನ ಗಿರಿಜಾ ಊಟದ ಡಬ್ಬಿ ತೆರೆಯಲಿಲ್ಲ. "ಓದಕ್ಕೆ ಆ ಮಗು ನನ್ನ ಪರ್ಮಿಷನ್ ಕೇಳ್ತು ಕಣೇ ಶಾಂತಾ" ಎಂದಷ್ಟೇ ನನಗೆ ಹೇಳಿದರು. ಸಂಜೆ ಎಲ್ಲರ ಬ್ಯಾಡ್ಜ್ ಬಿಚ್ಚಿಸಿ ಹೆಡ್ ಮಾಸ್ಟರ ಮೇಜಿನ ಮೇಲಿಟ್ಟು ಬಂದರು. ಮ್ಯಾನೇಜ್‌ಮೆಂಟಿಗೆ ಫೋಟೋ ಕಳಿಸಿಯಾಗಿದೆ, ಈಗ ಏನೆಂದು ಹೇಳಲಿ ಎಂದು ಅವರು ಸಿಡಿಮಿಡಿಗೊಂಡರು.

ಆಮೇಲೆ ಗಿರಿಜಾ ಕನ್ನಡ ಪೀರಿಯಡ್ಡನ್ನು ಮೈದಾನಕ್ಕೆ ಒಯ್ದರು. ಖೋ-ಖೋದಲ್ಲಿ ಎಂಟು ಜನ ಸಾಲಾಗಿ ಕೂರುತ್ತಾರೆ, ಒಬ್ಬರು ಈ ಕಡೆಗೆ, ಪಕ್ಕದವರು ಆ ಕಡೆಗೆ ಮುಖ ಮಾಡಿ. ಪ್ರತಿಯೊಬ್ಬರ ಎದೆಯ ಮೇಲೆ ಒಂದೊಂದು ಪದದ ಕಾರ್ಡ್. ವಾಕ್ಯದ ಮೊದಲರ್ಧ ಈ ಬದಿಯಲ್ಲಿ, ಉಳಿದರ್ಧ ಕಂಬ ಸುತ್ತಿ ಆ ಬದಿಗೆ ಹೋದರೆ ಮಾತ್ರ ಕಾಣಬೇಕು. ಓಡುತ್ತಾ ಓದಿ, ಪೂರ್ತಿ ವಾಕ್ಯ ಹೇಳಿದವರಿಗೆ ಅಂಕ. ಮೊದಲ ದಿನಗಳಲ್ಲಿ ಕಾವ್ಯಾ ಕಂಬದ ಹತ್ತಿರವೇ ಪದ ಮರೆಯುತ್ತಿದ್ದಳು, ಮತ್ತೆ ಓಡುತ್ತಿದ್ದಳು. ಒಂದು ದಿನ ಓಟದ ನಡುವೆ ಗಕ್ಕನೆ ನಿಂತು, "ಏಯ್ ಪ್ರಕಾಶ, ಕಾರ್ಡ್ ತಲೆಕೆಳಗಾಗಿ ಹಿಡ್ದಿದ್ದೀಯ ಕಣೋ, ಎಂಗೋ ಓದೋದು?" ಎಂದಳು. ಎಲ್ಲರೂ ನಕ್ಕರು. ಗಿರಿಜಾ ನಾನು ನಿಂತಿದ್ದ ಕಿಟಕಿಯತ್ತ ತಿರುಗಿ ನೋಡಿದರು. ಅಕ್ಷರ ತಲೆಕೆಳಗಾಗಿದೆ ಎಂದು ಅವಳಿಗೆ ತಿಳಿಯಬೇಕಾದರೆ ಅಕ್ಷರ ಹಿಡಿತಕ್ಕೆ ಬಂದಿದೆ ಎಂದೇ ಅರ್ಥ.

ದೀಪಾವಳಿ ಕಳೆದ ಮೇಲೆ ಗಿರಿಜಾ ರಜೆ ಹಾಕಿದರು. ಗ್ಯಾಸ್ಟ್ರಿಕ್ ಎಂದು ಅವರೇ ತಿಂಗಳುಗಟ್ಟಲೆ ತಳ್ಳಿಕೊಂಡು ಬಂದಿದ್ದು ಲಿವರ್‌ನಲ್ಲಿ ಬೆಳೆದ ಗಡ್ಡೆಯಾಗಿತ್ತು. ಆಟವನ್ನು ನಾನು ಮುಂದುವರಿಸಿದೆ. ಫೋನ್ ಮಾಡಿದಾಗಲೆಲ್ಲ ಅವರು ಮೊದಲು ಕೇಳುತ್ತಿದ್ದುದು ಕಾವ್ಯಾ ಎಲ್ಲಿಗೆ ಬಂದಳು ಎಂದೇ. ಜನವರಿಯಲ್ಲಿ ಅವಳು ಮೈದಾನ ಬಿಟ್ಟು, ನಿಂತಲ್ಲೇ ಪುಸ್ತಕ ಹಿಡಿದು ಒಂದು ಪುಟ ಓದಿದಳು. ಓದುವಾಗ ಬಲಗಾಲಿನ ಹಿಮ್ಮಡಿ ಏಳುತ್ತಾ ಇಳಿಯುತ್ತಾ ಇರುತ್ತಿತ್ತು, ಅಷ್ಟೇ.

ಆ ಭಾನುವಾರ ಅವಳನ್ನು ಸಿದ್ಧಾರ್ಥನಗರದಲ್ಲಿದ್ದ ಗಿರಿಜಾ ಮನೆಗೆ ಕರೆದೊಯ್ದು, ಅವರ ಮುಂದೆ ಓದಿಸುವುದೆಂದು ಮಾತಾಗಿತ್ತು. ಶನಿವಾರ ಕಾವ್ಯಾ ಬಂದು, ಜೇನುನೊಣದ ಪಾಠ ಇನ್ನೊಂಚೂರು ಸರಿಯಾಗಲಿ, ಮುಂದಿನ ವಾರ ಹೋಗೋಣ ಎಂದಳು. ಗಿರಿಜಾಗೆ ಫೋನ್ ಮಾಡಿ ಹೇಳಿದೆ. "ಅವಸರ ಮಾಡ್ಬೇಡ, ಚೆನ್ನಾಗಿ ಕಲೀಲಿ" ಎಂದರು. ಧ್ವನಿ ಸಣ್ಣದಾಗಿತ್ತು. ಗುರುವಾರ ಬೆಳಿಗ್ಗೆ ಅವರು ಹೋದರು. ಆ ಒಂದು ಭಾನುವಾರವನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ತಪ್ಪು ಯಾರದೂ ಅಲ್ಲ ಎಂದು ಗೊತ್ತಿದ್ದರೂ ಆಗುತ್ತದೆ.

ಸಂತಾಪ ಸಭೆ ಮೈದಾನದಲ್ಲೇ ನಡೆಯಿತು. ಯಾರೂ ಹೇಳಿರಲಿಲ್ಲ, ಏಳನೇ ತರಗತಿಯವರು ಖೋ-ಖೋ ಸಾಲಿನಂತೆ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ ಕೂತರು. ಸರಿಯಾಗಿ ಕೂರಿ ಎನ್ನಲು ಹೊರಟ ಹೆಡ್ ಮಾಸ್ಟರು ಒಂದು ಬದಿಗೆ ಸರಿದು ನಿಂತರು. ಕಾವ್ಯಾ ಎದ್ದು ಜೇನುನೊಣದ ಪಾಠ ಓದಿದಳು. ಎರಡು ಕಡೆ ತಡವರಿಸಿ ನಿಂತಳು, ಹಿಮ್ಮಡಿ ಎತ್ತಿ ಇಳಿಸಿ ಮುಂದುವರಿದಳು. ಸಂತಾಪಕ್ಕೂ ಜೇನುನೊಣಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಗೇಟಿನ ಹತ್ತಿರ ಅವಳ ತಂದೆ ಯೂನಿಫಾರಂನಲ್ಲಿ ನಿಂತಿದ್ದರು. ಎಲ್ಲ ಮುಗಿದ ಮೇಲೆ ನನ್ನ ಬಳಿ ಬಂದು, "ಎಂಟನೇ ಕ್ಲಾಸಿಗೆ ಅರ್ಜಿ ಯಾವಾಗ ಕೊಡ್ತಾರೆ ಮೇಡಂ?" ಎಂದು ಕೇಳಿದರು.

ಕಾವ್ಯಾ ಈಗ ಒಂಬತ್ತನೇ ತರಗತಿ. ಅವಳ ಓದನ್ನು ಗಿರಿಜಾ ಕೇಳಲಿಲ್ಲ. ಆದರೆ ಒಂದು ಮಗುವಿನಲ್ಲಿ ಯಾವ ಶಕ್ತಿ ಹೆಚ್ಚಿದೆಯೋ ಅದನ್ನು ಹಿಡಿದೇ ಅದಕ್ಕೆ ಬಾರದ ಕಡೆಗೆ ಕರೆದೊಯ್ಯಬೇಕು, ಇದ್ದಲ್ಲೇ ಕೂರಿಸಬಾರದು ಎಂಬುದನ್ನು ನಾನು ಕಲಿತದ್ದು ಅವರಿಂದ. ತರಬೇತಿಯಲ್ಲೂ ಇದನ್ನೇ ಹೇಳಿದ್ದರೇನೋ. ನನಗೆ ಅರ್ಥವಾದದ್ದು ಮಾತ್ರ ಮೈದಾನದಲ್ಲಿ.

ಮಕ್ಕಳ ಪ್ರಗತಿ ದಾಖಲೆಯಲ್ಲಿ ಪ್ರಬಲ ಬುದ್ಧಿಮತ್ತೆ ಎಂಬ ಕಾಲಂ ಈಗಲೂ ಇದೆ. ನಾನು ಅದನ್ನು ಪೆನ್ಸಿಲಿನಲ್ಲಿ ತುಂಬುತ್ತೇನೆ. ಈ ಸಲ ಹೆಡ್ ಮಾಸ್ಟರು, "ಪೆನ್ನಲ್ಲಿ ಬರೀರಿ ಮೇಡಂ, ಇದು ಅಳಿಸಿಹೋಗುತ್ತೆ" ಎಂದರು.

"ಅಳಿಸೋಕೇ ಸರ್" ಎಂದೆ.