‘ಮೊದಲೇ ಇತ್ತು’ ಕುವಾಬಾರಾ

ಹೊಸದಾಗಿ ಕಂಡುಹಿಡಿದದ್ದಕ್ಕೆ ಮಾತ್ರ ಹಕ್ಕು ಕೊಡುವ ಟೋಕಿಯೊದ ನಮ್ಮ ಪೇಟೆಂಟ್ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಕುವಾಬಾರಾ ಅವರಿಗೆ ಈ ಲೋಕದಲ್ಲಿ ಹೊಸದೆಂಬುದೇ ಇಲ್ಲ. ಇಪ್ಪತ್ತಾರು ವರ್ಷ ಮಸೂರಗಳ ಅರ್ಜಿ ಓದಿ ಓದಿ, ಏನು ತೋರಿಸಿದರೂ “ಇದು ಮೊದಲೇ ಇತ್ತಲ್ರೀ” ಎನ್ನುತ್ತಾರೆ. ಹೆಂಡತಿ ಡಬ್ಬಿಗೆ ಹಾಕಿಕೊಟ್ಟ ಹೊಸ ಅಡುಗೆಗೂ “ಸೋಮವಾರದ ಮೀನು, ಬುಧವಾರದ ಮೂಲಂಗಿ, ಎರಡನ್ನೂ ಸೇರಿಸೋದು ಯಾರಿಗಾದ್ರೂ ಹೊಳೆಯುತ್ತೆ” ಎಂದು ಆಕ್ಷೇಪಣೆ ಹೊರಡಿಸಿ, ಒಂದು ಅಗುಳೂ ಬಿಡದೆ ತಿಂದು ಮುಗಿಸುತ್ತಾರೆ. ನನ್ನ ಮೊಮ್ಮಗಳ ಫೋಟೊ ನೋಡಿ “ಮೂಗು ನಿಮ್ಮದೇ, ಹೊಸತನ ಇಲ್ಲ” ಅಂದಿದ್ದರು. ಮೊನ್ನೆ ಸುವಾ ಊರಿನಿಂದ ಶಿಮೊಜಾಟೊ ಎಂಬ ಮುದುಕರು, ಮೊದಲೇ ಕಳಿಸಿದ್ದ ತಮ್ಮ ಅರ್ಜಿಯ ವಿಚಾರಣೆಗೆಂದು, ಕಡಲೆಬೀಜದಷ್ಟು ಗಾಜು ಹಿಡಿದು ಬಂದರು. ಒಳಹೊಕ್ಕ ಬೆಳಕು ಒಳಗಿನ ಗೋಡೆಗಳಿಗೆ ಮೂರು ಸಲ ಬಡಿದು ಹೊರಬರುವ ಮಸೂರ ಅದು. ಅವರ ಸಣ್ಣ ಕಾರ್ಖಾನೆಯ ಬದುಕೆಲ್ಲ ಅದರ ಮೇಲೇ ನಿಂತಿತ್ತು. ಕುವಾಬಾರಾ ಕೆಂಪು ಪೆನ್ಸಿಲಿನಲ್ಲಿ ಬೆಳಕಿನ ದಾರಿ ಎಳೆದು, ಎರಡು ಹಳೆಯ ದಾಖಲೆ ಮುಂದಿಟ್ಟು, “ನೀವು ಹಕ್ಕು ಕೇಳಿರೋದೆಲ್ಲ ಮೊದಲೇ ಇತ್ತು” ಎಂದರು. ಮುದುಕರು ಗಾಜನ್ನು ಕರವಸ್ತ್ರದಲ್ಲಿ ಸುತ್ತತೊಡಗಿದರು. “ತಡೀರಿ,” ಎಂದರು ಕುವಾಬಾರಾ. “ಮೂರನೇ ಗೋಡೆ ಒಂಚೂರು ವಾರೆ ಇದೆ ಅಂತ ಅರ್ಜಿಯ ಹದಿನೇಳನೇ ಪುಟದಲ್ಲಿ ಬರೆದಿದ್ದೀರಲ್ಲ, ಅದಕ್ಕೆ ಯಾಕೆ ಹಕ್ಕು ಕೇಳಿಲ್ಲ?” “ಅಯ್ಯೋ, ಅದು ಉಜ್ಜುವಾಗ ಕೈ ಜಾರಿ ಆಗಿದ್ದು ಸಾರ್. ಚಿತ್ರ ಯಾಕೋ ಇನ್ನೂ ಚೊಕ್ಕಟವಾಗಿ ಬಂತು, ಹಾಗೇ ಬಿಟ್ಟೆ. ಮುಚ್ಚಿಡಬಾರದು ಅಂತ ಬರೆದೆ, ಅಷ್ಟೆ. ತಪ್ಪಿಗೆ ಹಕ್ಕು ಕೇಳೋಕೆ ಮುಖ ಬೇಡ್ವಾ?” ಕುವಾಬಾರಾ ಎದ್ದು ನಿಂತು, ಹಣೆ ಮೇಜಿಗೆ ತಾಗುವಷ್ಟು ಬಾಗಿದರು. “ನಾಲ್ಕು ದಿನ ಹುಡುಕಿದೆ ಯಜಮಾನ್ರೇ. ಆ ತಪ್ಪನ್ನ ಇದುವರೆಗೂ ಯಾರೂ ಮಾಡಿಲ್ಲ.”