ಬಸ್ಸಿನ ಗಾಜಿನ ಮೇಲೆ ಐದು ಕಾರ್ಬನ್

ಆರ್ಗ್ಯಾನಿಕ್ ಕೆಮಿಸ್ಟ್ರಿ ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಪಿಯುಸಿಯಲ್ಲಿ ನಾನೂ ನನ್ನ ಗೆಳತಿಯೂ ಡುಮ್ಕಿ ಹೊಡೆದದ್ದು ಅದರಿಂದಲೇ. ನಾನು ಗುಂಡ್ಲುಪೇಟೆಯವಳು, ಅವಳು ತೆರಕಣಾಂಬಿಯವಳು. ಇಬ್ಬರೂ ಹತ್ತನೆಯ ತನಕ ಕನ್ನಡ ಮೀಡಿಯಂ. ಸಪ್ಲಿಮೆಂಟರಿಗೆಂದು ಚಾಮರಾಜನಗರಕ್ಕೆ ಟ್ಯೂಷನ್ನಿಗೆ ಹೋಗುತ್ತಿದ್ದೆವು. ನಾನು ಮತ್ತೆ ಫೇಲಾದರೆ ಅಬ್ಬಾ ನಾಲ್ಕು ಬೈದು ಸುಮ್ಮನಾಗುತ್ತಿದ್ದರು. ಅವಳ ಮನೆಯಲ್ಲಿ ಹಾಗಲ್ಲ. ಪಾಸಾದರೆ ಡಿಗ್ರಿ, ಇಲ್ಲದಿದ್ದರೆ ಸೋದರಮಾವನ ಜೊತೆ ಮದುವೆ ಎಂದು ಆಗಲೇ ಮಾತಾಗಿತ್ತು.

ಮೇಷ್ಟ್ರು ಐದು ಕಾರ್ಬನ್ ಸಾಲಾಗಿ ಬರೆದು, ಒಂದಕ್ಕೆ ಕೊಂಬೆ ಹಚ್ಚಿ, ಹೆಸರಿಡಿ ಅನ್ನುತ್ತಿದ್ದರು. ಕೊಂಬೆ ಎಷ್ಟನೆಯ ಕಾರ್ಬನ್ನಿಗಿದೆಯೋ ಆ ಸಂಖ್ಯೆ ಹೆಸರಿನ ಮುಂದೆ ಬರಬೇಕು. ಮನೆಯಲ್ಲಿ ಉರ್ದು ಓದಿ ಬೆಳೆದ ನಾನು ಬಲದಿಂದ ಎಣಿಸುತ್ತಿದ್ದೆ, ಅವಳು ಎಡದಿಂದ. ಇವತ್ತು ನನ್ನದು ಸರಿ, ನಾಳೆ ಅವಳದು. ಯಾಕೆ ಸಾರ್ ಎಂದರೆ, "ರೂಲು ಪುಸ್ತಕದಲ್ಲೇ ಇದೆ, ಓದ್ಕೊಳ್ರಮ್ಮ." ಆ ಇಂಗ್ಲಿಷು ತಲೆಗೆ ಹತ್ತಿದ್ದರೆ ಈ ಮಹಾರಾಯರ ಹತ್ತಿರ ಯಾಕೆ ಬಂದು ಸಾಯುತ್ತಿದ್ದೆವು!

ಪರೀಕ್ಷೆಯ ಹಿಂದಿನ ಸಂಜೆ ವಾಪಸ್ಸು ಬರುವಾಗ ಮಳೆ. ಬಸ್ಸಿನ ಗಾಜೆಲ್ಲ ಮಂಜಾಗಿತ್ತು. ಅದರ ಮೇಲೆ ಬೆರಳಿನಿಂದ ಐದು ಕಾರ್ಬನ್ ಬರೆದೆ, ಕೊಂಬೆ ಬಲತುದಿಯ ಹತ್ತಿರ.

"ನಾಕು ಕಣಮ್ಮಿ," ಅಂದಳು.

"ಎರಡು ಕಣೇ."

ಜಗಳ ಮುಗಿಯುವ ಮೊದಲೇ ತೆರಕಣಾಂಬಿ ಬಂತು. ಇಳಿದವಳು ಕಿಟಕಿಯ ಹೊರಗೆ ನಿಂತು ಅಲ್ಲಿಂದ ತಿರುಗುಮುರುಗಾಗಿ ಕಾಣುತ್ತಿದ್ದ ಕಾರ್ಬನ್ನುಗಳನ್ನು ತನ್ನ ಎಡದಿಂದ ಎಣಿಸಿದಳು. ಆಮೇಲೆ ಕಿಸಕ್ಕನೆ ನಕ್ಕು ಎರಡು ಬೆರಳು ತೋರಿಸಿದಳು.

ಅಯ್ಯೋ! ಆಗ ಹೊಳೆಯಿತು. ಆ ಕಡೆಯಿಂದ ನೋಡಿದರೂ ಈ ಕಡೆಯಿಂದ ನೋಡಿದರೂ ವಸ್ತು ಅದೇ. ಎಡವೂ ಇಲ್ಲ, ಬಲವೂ ಇಲ್ಲ; ಕೊಂಬೆಗೆ ಯಾವ ತುದಿ ಹತ್ತಿರವೋ ಅಲ್ಲಿಂದ ಎಣಿಸಬೇಕು, ಅಷ್ಟೇ. ಇಷ್ಟು ಹೇಳುವುದಕ್ಕೆ ಆ ಮೇಷ್ಟ್ರಿಗೆ ಏನು ಬಂದಿತ್ತು ರೋಗ? ಗಾಜು ಸರಿಸಲು ಹೋದೆ, ದರಿದ್ರದ್ದು ಜಪ್ಪಯ್ಯ ಅನ್ನಲಿಲ್ಲ. "ಹತ್ತಿರದ ತುದಿಯಿಂದ ಎಣಿಸೇ!" ಎಂದು ಗಾಜು ಬಡಿದು ಕಿರುಚಿದೆ. ಕಂಡಕ್ಟರು ರೈಟ್ ಅಂದುಬಿಟ್ಟ. ಅವಳು ಕೈ ಬೀಸುತ್ತ ನಿಂತಿದ್ದಳು.

ಬೆಳಿಗ್ಗೆ ಗೇಟಿನಲ್ಲಿ ಕಾದೆ. ಅವಳ ಬಸ್ಸು ತಡವಾಗಿ, ಬೆಲ್ ಹೊಡೆದ ಮೇಲೆ ಓಡಿ ಬಂದವಳು ಸೀದಾ ತನ್ನ ರೂಮಿಗೆ ನುಗ್ಗಿದಳು. ಪ್ರಶ್ನೆಪತ್ರಿಕೆಯಲ್ಲಿ ಅದೇ ಐದು ಕಾರ್ಬನ್ನಿತ್ತು, ಕೊಂಬೆ ಬಲಕ್ಕೆ. ನಾನು ಪಾಸಾದೆ. ಅವಳಿಗೆ ಒಂದೇ ಒಂದು ಮಾರ್ಕು ಕಮ್ಮಿಯಾಯಿತು.

ಲಗ್ನಪತ್ರಿಕೆ ಕೊಡಲು ನಮ್ಮ ಮನೆಗೆ ಬಂದಾಗ ಕೇಳಿದಳು: "ಅವತ್ತು ಬಸ್ನಲ್ಲಿ ಅದೇನಮ್ಮಿ ಅಂಗೆ ಕೂಗ್ತಿದ್ದೆ? ಟಾಟಾ ಮಾಡ್ತಾವ್ಳೆ ಅನ್ಕಂಡು ನಾನೂ ಕೈ ಬೀಸ್ಬುಟ್ಟೆ."